ಅಣೆಕಟ್ಟು ಮತ್ತು ನೆರೆ ಬಯಲಿನ ಮಾಡೆಲ್: ಯಾವ ದಾರಿ ಹಿಡಿಯಬೇಕು, ಎಲ್ಲಿ ಎಡವುತ್ತೇವೆ

ನೀರು ಎಲ್ಲಿಯವರೆಗೆ ಬರುತ್ತದೆ? ಎಷ್ಟು ಹೊತ್ತಿಗೆ ಬರುತ್ತದೆ? ಎಷ್ಟು ಎತ್ತರ ನಿಲ್ಲುತ್ತದೆ? ಅಣೆಕಟ್ಟಿನ ಕೆಳಗೆ ಮನೆ ಇರುವವರು ಕೇಳುವುದು ಈ ಮೂರೇ ಪ್ರಶ್ನೆ. ಕಂಪ್ಯೂಟರ್‌ನಲ್ಲಿ ನೆರೆಯ ಮಾಡೆಲ್ ಕಟ್ಟಿ ಉತ್ತರ ಕೊಡಬೇಕಾದ ನಾವು ಮಾತ್ರ ಮೊದಲ ದಿನವೇ ಕವಲುದಾರಿಗಳ ಮುಂದೆ ನಿಂತುಬಿಡುತ್ತೇವೆ. ನೀರು ಹೊಳೆಯ ಉದ್ದಕ್ಕೆ ಮಾತ್ರ ಸಾಗುತ್ತದೆ ಅನ್ನುವ ಒನ್-ಡಿ ಸಾಕಾ, ನಾಲ್ಕೂ ದಿಕ್ಕಿಗೆ ಹರಡುತ್ತದೆ ಅನ್ನುವ ಟೂ-ಡಿ ಬೇಕಾ? ಮಳೆ ನೆಲಕ್ಕೆ ಇಂಗುವ ಲೆಕ್ಕಕ್ಕೆ ಕರ್ವ್ ನಂಬರ್ ಹಾಕೋದಾ, ಗ್ರೀನ್-ಆಂಪ್ಟ್ ಹಾಕೋದಾ? ಉಪಗ್ರಹದ ಎತ್ತರದ ನಕ್ಷೆ ನಡೆಯುತ್ತಾ, ಲೇಸರ್ ಕಿರಣದಿಂದ ನೆಲ ಅಳೆಯುವ ಲೈಡಾರ್‌ಗೆ ಕಾಯಬೇಕಾ? ಏರಿ ಒಡೆಯಲು ಎಷ್ಟು ನಿಮಿಷ ಅಂತ ಬರೆಯೋದು?

ಹೊಸದಾಗಿ ಈ ಕೆಲಸಕ್ಕೆ ಬಂದವರು ಸಾಮಾನ್ಯವಾಗಿ "ಯಾವ ಸಾಫ್ಟ್‌ವೇರ್ ಒಳ್ಳೆಯದು?" ಅಂತ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಿದರೆ ಸಾಕು. ಮೊದಲು ನೋಡಬೇಕಾದದ್ದು, ನಮ್ಮ ಲೆಕ್ಕದಲ್ಲಿ ಯಾವ ಸಂಖ್ಯೆ ಎಲ್ಲಕ್ಕಿಂತ ಜಾಸ್ತಿ ಅಲುಗಾಡುತ್ತಿದೆ ಅನ್ನೋದನ್ನು. ಸಮಯ, ಹಣ, ತಲೆ ಎಲ್ಲವೂ ಅಲ್ಲಿಗೆ ಹೋಗಬೇಕು. ನೆಲದ ಎತ್ತರವೇ ಮೂರು ಮೀಟರ್ ತಪ್ಪಿರುವ ಕಡೆ, ಸೆಕೆಂಡಿಗೊಮ್ಮೆ ಲೆಕ್ಕ ಹಾಕುವ ಮಾಡೆಲ್ ಕಟ್ಟಿದರೆ ಮೂಗಿಗಿಂತ ಮೂಗುತಿ ಭಾರ. ಇಲ್ಲಿ ಒಂದೊಂದು ಆಯ್ಕೆಯನ್ನೂ ಆ ಕಣ್ಣಿನಿಂದಲೇ ಹೋಲಿಸಿದ್ದೇನೆ.

ಬಿದ್ದ ಮಳೆಯಲ್ಲಿ ಹರಿದು ಬರುವುದೆಷ್ಟು?

ಕೆಲಸ ಎರಡು ಪಾಲಾಗಿ ಬರುತ್ತದೆ. ಮಳೆಯಲ್ಲಿ ಎಷ್ಟು ನೆಲಕ್ಕೆ ಇಂಗಿ, ಎಷ್ಟು ಹೊಳೆಗೆ ಬರುತ್ತದೆ ಅನ್ನೋದು ಹೈಡ್ರಾಲಜಿ. ಬಂದ ನೀರು ಹೊಳೆಯಲ್ಲಿ, ಬಯಲಲ್ಲಿ ಹೇಗೆ ಸಾಗುತ್ತದೆ ಅನ್ನೋದು ಹೈಡ್ರಾಲಿಕ್ಸ್. ಮೊದಲ ಪಾಲಿನ ತಪ್ಪು ಹಾಗೇ ಎರಡನೆಯದಕ್ಕೆ ಹರಿಯುತ್ತದೆ.

ಇಂಗುವ ಲೆಕ್ಕಕ್ಕೆ ಜಾಸ್ತಿ ಬಳಕೆಯಲ್ಲಿರುವುದು ಕರ್ವ್ ನಂಬರ್, ಅಂದರೆ ಸಿಎನ್. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ಸಣ್ಣ ಕೃಷಿ ಜಲಾನಯನಗಳಿಗೆ ಅಂತ ರೂಪಿಸಿದ ವಿಧಾನ ಇದು. ಮಣ್ಣಿನ ಗುಂಪು ಮತ್ತು ನೆಲದ ಬಳಕೆ ನೋಡಿ ಕೋಷ್ಟಕದಿಂದ ಒಂದು ಸಂಖ್ಯೆ ಎತ್ತಿಕೊಂಡರೆ ಆಯಿತು. ಸುಲಭ. ಆದರೆ ಆ ಒಂದು ಸಂಖ್ಯೆ ಏನು ಮಾಡುತ್ತದೆ ಅಂತ ಹತ್ತಿರದಿಂದ ನೋಡೋಣ.

100 ಚದರ ಕಿ.ಮೀ. ಜಲಾನಯನ, 150 ಮಿ.ಮೀ. ಮಳೆ ಅಂತ ಇಟ್ಟುಕೊಳ್ಳಿ. ಸಿಎನ್ 75 ಹಾಕಿದರೆ ಸುಮಾರು 81 ಮಿ.ಮೀ. ಹರಿದು ಬರುತ್ತದೆ. 85 ಹಾಕಿದರೆ 107 ಮಿ.ಮೀ. ವ್ಯತ್ಯಾಸ 26 ಮಿ.ಮೀ. ಅಷ್ಟೇ ಅನಿಸಬಹುದು. ಇಡೀ ಜಲಾನಯನಕ್ಕೆ ಹರಡಿದರೆ ಅದು ಸುಮಾರು 26 ಲಕ್ಷ ಘನ ಮೀಟರ್ ನೀರು, ಮೂರನೇ ಒಂದು ಭಾಗದಷ್ಟು ಹೆಚ್ಚು. ಈ ಹತ್ತು ಅಂಕದ ಜಿಗಿತಕ್ಕೆ ನೆಲ ಬದಲಾಗಬೇಕಾಗಿಲ್ಲ. ಕೋಷ್ಟಕದಲ್ಲಿ 75 ಇರುವ ಅದೇ ನೆಲ, ಹಿಂದಿನ ದಿನಗಳ ಮಳೆಗೆ ನೆನೆದಿದ್ದರೆ ಸುಮಾರು 88 ಆಗುತ್ತದೆ.

ಈಗ ಅದೇ ಜಲಾನಯನಕ್ಕೆ 500 ಮಿ.ಮೀ. ಸುರಿಸಿ. 75ಕ್ಕೆ 411 ಮಿ.ಮೀ., 85ಕ್ಕೆ 450 ಮಿ.ಮೀ. ವ್ಯತ್ಯಾಸ ಶೇ. 10ರೊಳಗೆ ಬಂತು. ಮಳೆ ದೊಡ್ಡದಾದಷ್ಟೂ ಮಣ್ಣಿನ ಮಾತು ಕಡಿಮೆಯಾಗುತ್ತದೆ. ದೊಡ್ಡ ಅಣೆಕಟ್ಟಿನ ಕೋಡಿಗೆ ಗರಿಷ್ಠ ಸಂಭಾವ್ಯ ಪ್ರವಾಹ ತೆಗೆಯುವಾಗ ಸಿಎನ್ 78ಓ 80ಓ ಅಂತ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಆ ಹೊತ್ತನ್ನು ಮಳೆಯ ಒಟ್ಟು ಪ್ರಮಾಣಕ್ಕೆ, ಅದು ಯಾವ ಗಂಟೆಯಲ್ಲಿ ಎಷ್ಟು ಸುರಿಯುತ್ತದೆ ಅನ್ನೋದಕ್ಕೆ ಕೊಡಿ. ಸಾಧಾರಣ ನೆರೆಗೆ ಮಾತ್ರ ಸಿಎನ್ ಮೇಲೆ ಬೆವರು ಸುರಿಸಿ.

ಸಿಎನ್‌ನ ದೊಡ್ಡ ಕೊರತೆ ಅಂದರೆ ಅದಕ್ಕೆ ಗಡಿಯಾರವೇ ಇಲ್ಲ. 150 ಮಿ.ಮೀ. ಆರು ಗಂಟೆಯಲ್ಲಿ ಸುರಿದರೂ ಒಂದು ದಿನವಿಡೀ ಸುರಿದರೂ ಒಟ್ಟು ಹರಿವು ಒಂದೇ. ನಡುವೆ ಎರಡು ದಿನ ಬಿಸಿಲು ಬಿದ್ದು ಮಣ್ಣು ಒಣಗಿದರೂ ಅದಕ್ಕೆ ಗೊತ್ತಾಗೋದಿಲ್ಲ. 1911ರಷ್ಟು ಹಳೆಯದಾದ ಗ್ರೀನ್-ಆಂಪ್ಟ್ ವಿಧಾನಕ್ಕೆ ಆ ಗಡಿಯಾರ ಇದೆ. ಮಳೆಯ ವೇಗ ಮಣ್ಣು ಕುಡಿಯುವ ವೇಗವನ್ನು ಮೀರಿದಾಗ ಮಾತ್ರ ನೀರು ಹರಿಯುತ್ತದೆ ಅಂತ ಅದು ಲೆಕ್ಕ ಹಾಕುತ್ತದೆ. ಹಾಗಾದರೆ ಅದೇ ಒಳ್ಳೆಯದು ಅಲ್ವಾ? ಮಣ್ಣಿನ ಮಾಹಿತಿ ಕೈಯಲ್ಲಿದ್ದರೆ ಹೌದು. ಒಂದೇ ಹೊಲದ ಎರಡು ಮೂಲೆಯಲ್ಲಿ ಮಣ್ಣು ನೀರು ಕುಡಿಯುವ ವೇಗ ಹತ್ತು ಪಟ್ಟು ಬೇರೆ ಇರಬಹುದು. ಮಣ್ಣಿನ ಹೆಸರಷ್ಟೇ ನೋಡಿ ಕೋಷ್ಟಕದಿಂದ ಮೂರು ಸಂಖ್ಯೆ ಎತ್ತಿಕೊಂಡರೆ, ಒಂದು ಅಂದಾಜಿನ ಬದಲು ಮೂರು ಅಂದಾಜು ಮಾಡಿದ ಹಾಗಾಯಿತು.

ನನ್ನ ಆಯ್ಕೆ ಹೀಗೆ. ಸಣ್ಣ ಜಲಾನಯನ, ಚುರುಕಾದ ಮಳೆ, ಇಂಗುವಿಕೆಯ ಅಳತೆ ಇದೆ ಅಂದರೆ ಗ್ರೀನ್-ಆಂಪ್ಟ್. ಒಂದೇ ದೊಡ್ಡ ಮಳೆ, ಮಾಹಿತಿ ತೆಳು ಅಂದರೆ ಸಿಎನ್, ಆದರೆ ಒಣ, ಸಾಧಾರಣ, ನೆನೆದ ಅಂತ ಮೂರು ಸಂಖ್ಯೆಗಳಿಗೂ ಓಡಿಸಬೇಕು. ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ಮಳೆಗೆ, ಜಲಾಶಯದ ದಿನನಿತ್ಯದ ಒಳಹರಿವಿಗೆ ಎರಡೂ ಸಾಲುವುದಿಲ್ಲ. ಅಲ್ಲಿ ಮಣ್ಣಿನ ತೇವವನ್ನು ದಿನದಿನವೂ ಜಮಾ-ಖರ್ಚು ಮಾಡುವ ನಿರಂತರ ಮಾಡೆಲ್ ಬೇಕು.

ಜಲಾನಯನವನ್ನು ಇಡಿಯಾಗಿ ತೆಗೆದುಕೊಂಡು ಯೂನಿಟ್ ಹೈಡ್ರೋಗ್ರಾಫ್ (ಒಂದು ಅಳತೆಯ ಮಳೆಗೆ ಹರಿವು ಹೊತ್ತುಹೊತ್ತಿಗೆ ಹೇಗೆ ಏರಿ ಇಳಿಯುತ್ತದೆ ಅಂತ ಹೇಳುವ ಗೆರೆ) ಹಾಕೋದಾ, ಚೌಕಚೌಕದ ಮೇಲೆ ಮಳೆ ಸುರಿಸಿ ನೀರು ತಾನೇ ಹರಿಯಲಿ ಅಂತ ಬಿಡೋದಾ? ಎರಡನೆಯದು ನೋಡೋಕೆ ತುಂಬಾ ಚೆನ್ನ. ಆದರೆ ನೆಲದ ನಕ್ಷೆಯಲ್ಲಿರುವ ಸುಳ್ಳು ಗುಂಡಿಗಳೆಲ್ಲ ನೀರು ಹಿಡಿದಿಟ್ಟುಕೊಳ್ಳುತ್ತವೆ. ಬೆರಳುದ್ದದ ತೆಳು ನೀರಿಗೆ ಹೊಳೆಯ ಒರಟುತನದ ಸಂಖ್ಯೆ (ನೆಲ ನೀರನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಹೊಂದುವುದಿಲ್ಲ, ಬಹಳ ದೊಡ್ಡದು ಬೇಕು. ಚಪ್ಪಟೆ ಬಯಲು, ಊರೊಳಗಿನ ನೆರೆ, ಎತ್ತ ಹರಿಯುತ್ತದೆ ಅಂತಲೇ ಗೊತ್ತಿಲ್ಲದ ಜಾಗ ಇದ್ದರೆ ಮಳೆ ಸುರಿಸಿ. ಕಡಿದಾದ, ಸ್ಪಷ್ಟವಾದ ಜಲಾನಯನಕ್ಕೆ ಯೂನಿಟ್ ಹೈಡ್ರೋಗ್ರಾಫ್ ಸಾಕು. ಸುರಿಸಿದರೆ ಕೊನೆಗೆ ಒಂದು ತಾಳೆ ನೋಡಲೇಬೇಕು: ಬಿದ್ದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಒಳಗೆ ಉಳಿದದ್ದೆಷ್ಟು, ಎಲ್ಲಿ ಉಳಿಯಿತು.

ಮಳೆಯ ದಾರಿ ಬಿಟ್ಟು ಹೊಳೆಯ ಅಳತೆಯಿಂದಲೇ 100 ವರ್ಷದ ನೆರೆ ತೆಗೆಯುವ ದಾರಿಯೂ ಇದೆ. 100 ವರ್ಷದ ನೆರೆ ಅಂದರೆ ನೂರು ವರ್ಷಕ್ಕೊಮ್ಮೆ ಸರದಿಯಲ್ಲಿ ಬರುವುದು ಅಂತ ಅನೇಕರು ನಂಬಿದ್ದಾರೆ. ಅದು ಪ್ರತಿ ವರ್ಷ ಶೇ. 1ರ ಸಾಧ್ಯತೆ. 30 ವರ್ಷ ಒಂದೇ ಮನೆಯಲ್ಲಿ ಇರುವವರಿಗೆ ಒಮ್ಮೆಯಾದರೂ ಅದು ಎದುರಾಗುವ ಸಾಧ್ಯತೆ ಶೇ. 26. ಅಳತೆಯ ದಾರಿಯಲ್ಲಿ ಕಾಡುವುದು ರೇಟಿಂಗ್ ಕರ್ವ್, ಅಂದರೆ ಯಾವ ಮಟ್ಟಕ್ಕೆ ಎಷ್ಟು ಹರಿವು ಅಂತ ಹೇಳುವ ಗೆರೆ. ಮಾಪನ ಕೇಂದ್ರದಲ್ಲಿ ದಿನವೂ ಅಳೆಯುವುದು ನೀರಿನ ಮಟ್ಟವನ್ನು. ಹರಿವು ಆ ಮಟ್ಟದಿಂದ ಗೆರೆ ಎಳೆದು ಓದಿದ ಸಂಖ್ಯೆ. ಭಾರಿ ನೆರೆಯಲ್ಲಿ ಹೊಳೆಗೆ ಇಳಿದು ಅಳೆಯೋದು ಕಷ್ಟ. ಹಾಗಾಗಿ ಗೆರೆಯ ಮೇಲ್ತುದಿ ಎಷ್ಟೋ ಕಡೆ ಊಹೆಯಿಂದ ಉದ್ದ ಮಾಡಿದ್ದಾಗಿರುತ್ತದೆ. ನಮಗೆ ಬೇಕಾದದ್ದು ಅದೇ ತುದಿ! ಆ ಕೇಂದ್ರದಲ್ಲಿ ನಿಜವಾಗಿ ಅಳೆದ ಅತಿ ದೊಡ್ಡ ಹರಿವು ಎಷ್ಟು ಅಂತ ಕೇಳಿ ತಿಳಿದುಕೊಳ್ಳಿ. ದಾಖಲೆಯ ಗರಿಷ್ಠ ಹರಿವು ಅದರ ಮೂರು ಪಟ್ಟು ಇದ್ದರೆ, ಮಳೆಯ ದಾರಿಯಲ್ಲೂ ಒಮ್ಮೆ ಲೆಕ್ಕ ಹಾಕಿ ಎರಡನ್ನೂ ಪಕ್ಕಪಕ್ಕ ಇಡಿ.

ನೆಲ ಸರಿ ಇಲ್ಲದಿದ್ದರೆ ಉಳಿದದ್ದು ಸುಮ್ನೆ

ಒಂದೇ ಕಡೆ ಹಣ ಸುರಿಯುವ ಅವಕಾಶ ಇದ್ದರೆ ಎಲ್ಲಿ ಸುರಿಯಬೇಕು ಅಂತ ಯಾರಾದರೂ ಕೇಳಿದರೆ, ನಾನು ಯೋಚಿಸದೆ ನೆಲದ ಅಳತೆಗೆ ಅಂತ ಹೇಳುತ್ತೇನೆ.

ಉಚಿತವಾಗಿ ಸಿಗುವ ನಕ್ಷೆಗಳಲ್ಲಿ ಎಸ್‌ಆರ್‌ಟಿಎಂ ಹಳೆಯದು. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರೇಡಾರ್‌ನಿಂದ ಅಳೆದದ್ದು. ಅಂದಮೇಲೆ ಆಮೇಲೆ ಕಟ್ಟಿದ ರಸ್ತೆ, ಏರಿ, ಬಡಾವಣೆ ಯಾವುದೂ ಅದರಲ್ಲಿ ಇಲ್ಲ. ಮರದ ತಲೆ, ಮನೆಯ ಚಾವಣಿಗಳನ್ನು ಅದು ನೆಲದ ಎತ್ತರಕ್ಕೆ ಸೇರಿಸಿಕೊಂಡಿರುತ್ತದೆ. ಹೊಳೆಯ ದಡದಲ್ಲಿ ದಟ್ಟ ಮರಗಳಿದ್ದರೆ ಅಲ್ಲೊಂದು ಗೋಡೆ ಎದ್ದು ನಿಂತ ಹಾಗೆ. ಯುರೋಪಿನ ಕೋಪರ್ನಿಕಸ್ ಉಪಗ್ರಹ ಯೋಜನೆಯ 30 ಮೀಟರ್ ಚೌಕಗಳ ನಕ್ಷೆ ಇದಕ್ಕಿಂತ ಹೊಸದು, ನಯವಾದದ್ದು. ಆದರೂ ಮರ-ಮನೆಗಳ ಸಮಸ್ಯೆ ಅದರಲ್ಲೂ ಇದೆ. ಅದರಿಂದ ಮರ-ಮನೆಗಳನ್ನು ಲೆಕ್ಕದಲ್ಲೇ ಕಳೆದು ಮಾಡಿದ್ದು ಫ್ಯಾಬ್‌ಡೆಮ್. ಉಚಿತದಲ್ಲೇ ಆರಿಸಬೇಕು ಅಂದರೆ ನೆರೆ ಬಯಲಿಗೆ ನಾನು ಮೊದಲು ತೆರೆಯುವುದು ಇದನ್ನು.

ಒಳ್ಳೆಯ ಲೈಡಾರ್ ತೆರೆದ ನೆಲದಲ್ಲಿ 10ರಿಂದ 20 ಸೆಂ.ಮೀ. ಒಳಗೆ ಸರಿ ಹೇಳುತ್ತದೆ. ಬೆಲೆಯೂ ಹಾಗೇ ಇರುತ್ತದೆ. ಹಾಗಂತ ಲೈಡಾರ್ ಬಂತು, ಎಲ್ಲ ಮುಗಿಯಿತು ಅಂತ ಕೂರುವಂತಿಲ್ಲ. ಸಾಮಾನ್ಯ ಲೈಡಾರ್ ಕಿರಣ ನೀರಿನೊಳಗೆ ಇಳಿಯುವುದಿಲ್ಲ. ಅಳತೆ ಮಾಡಿದ ದಿನ ಹೊಳೆಯಲ್ಲಿ ನೀರಿದ್ದರೆ, ನೀರಿನ ಮೇಲ್ಮೈಯೇ ಹೊಳೆಯ ತಳ ಅಂತ ದಾಖಲಾಗುತ್ತದೆ. ಮೂರು ಮೀಟರ್ ಆಳದ ಹೊಳೆ ಚಪ್ಪಟೆಯಾಗಿ, ಅದರಲ್ಲಿ ಹಿಡಿಯಬೇಕಾದ ನೀರೆಲ್ಲ ಬಯಲಿಗೆ ಉಕ್ಕುತ್ತದೆ. ದೋಣಿಯಲ್ಲಿ ಹೋಗಿ ತಳ ಅಳೆದು ಹೊಲಿಯಲೇಬೇಕು. ಅಷ್ಟು ಸಮಯ ಇಲ್ಲದಿದ್ದರೆ ಕೆಲವೇ ಅಡ್ಡಸೀಳುಗಳನ್ನಾದರೂ ಅಳೆದು ನಡುವೆ ತುಂಬಿಸಿ.

ಇನ್ನೊಂದು, ಸೇತುವೆ. ನಕ್ಷೆಯಲ್ಲಿ ಸೇತುವೆಯ ಮೇಲ್ಭಾಗ ಹಾಗೇ ಉಳಿದಿದ್ದರೆ ಅದು ಹೊಳೆಗೆ ಅಡ್ಡ ಕಟ್ಟಿದ ಅಣೆಯಾಗಿಬಿಡುತ್ತದೆ. ಮಾಡೆಲ್ ಓಡಿಸಿದಾಗ ರಸ್ತೆಯ ಮೇಲ್ಗಡೆ ದೊಡ್ಡ ಕೆರೆ ನಿಂತಿರುತ್ತದೆ. ಬಣ್ಣದ ನಕ್ಷೆಯಲ್ಲಿ ಅದು ಎಷ್ಟು ಸಹಜವಾಗಿ ಕಾಣುತ್ತದೆ ಅಂದರೆ, ಜಾಗ ನೋಡಿರದವರು "ಇಲ್ಲಿ ನೆರೆ ಜಾಸ್ತಿ" ಅಂತಲೇ ಬರೆದುಬಿಡುತ್ತಾರೆ. ರಸ್ತೆಯ ಅಡಿಯ ಸಣ್ಣ ಮೋರಿಗಳದ್ದೂ ಇದೇ ಕಥೆ.

ಎತ್ತರದ ಆಧಾರ, ಅಂದರೆ ಡೇಟಮ್, ಇದರ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಒಮ್ಮೆ ನನ್ನ ಮಾಡೆಲ್‌ನ ನೀರಿನ ಮಟ್ಟ, ಅಳತೆಯ ಮಟ್ಟಕ್ಕಿಂತ ಎಲ್ಲ ನೆರೆಗಳಲ್ಲೂ ಸುಮಾರು ಒಂದು ಮೀಟರ್ ಕೆಳಗಿತ್ತು. ಒರಟುತನ ಏರಿಸಿದೆ. ಹರಿವು ಏರಿಸಿದೆ. ಮೂರು ದಿನ ಹೋಯಿತು. ಕೊನೆಗೆ ತಿಳಿದದ್ದು, ಮಾಪನ ಪಟ್ಟಿಯ ಸೊನ್ನೆಯನ್ನು ಒಂದು ಹಳೆಯ ಆಧಾರದಿಂದ ಬರೆದಿದ್ದರು, ನನ್ನ ನೆಲದ ನಕ್ಷೆ ಬೇರೆ ಆಧಾರದ್ದು. ಸಣ್ಣ ನೆರೆಗೂ ದೊಡ್ಡ ನೆರೆಗೂ ತಪ್ಪು ಒಂದೇ ಅಳತೆಯದ್ದಾಗಿದ್ದರೆ ಮೊದಲು ಡೇಟಮ್ ಮೇಲೆ ಅನುಮಾನ ಪಡಿ. ಒರಟುತನದ ತಪ್ಪು ಹಾಗೆ ಇರುವುದಿಲ್ಲ, ನೀರು ಏರಿದ ಹಾಗೆ ಬದಲಾಗುತ್ತದೆ. ಜಿಪಿಎಸ್ ಕೊಡುವ ಎತ್ತರವನ್ನು ಸಮುದ್ರ ಮಟ್ಟದ ಲೆಕ್ಕಕ್ಕೆ ತಿರುಗಿಸದೆ ಹಾಕಿದರಂತೂ ಹತ್ತಾರು ಮೀಟರ್ ಎಡವಟ್ಟಾಗಬಹುದು.

ಒನ್-ಡಿ, ಟೂ-ಡಿ, ಅಥವಾ ಎರಡೂ

ಒನ್-ಡಿ ಮಾಡೆಲ್‌ನಲ್ಲಿ ಹೊಳೆಗೆ ಅಡ್ಡಲಾಗಿ ಸೀಳುಗಳನ್ನು ಎಳೆಯುತ್ತೇವೆ. ಒಂದು ಸೀಳಿನ ಉದ್ದಕ್ಕೂ ನೀರಿನ ಮಟ್ಟ ಒಂದೇ, ನೀರು ಹೊಳೆಯ ದಿಕ್ಕಲ್ಲೇ ಹೋಗುತ್ತದೆ ಅಂತ ನಂಬಿಕೆ. ಕಣಿವೆಯಲ್ಲಿ ಇಕ್ಕಟ್ಟಾಗಿ ಹರಿಯುವ ಹೊಳೆಗೆ ಈ ನಂಬಿಕೆ ಸರಿ. ಸೇತುವೆ, ಗೇಟು, ಕೋಡಿಗಳ ಲೆಕ್ಕ ಒನ್-ಡಿಯಲ್ಲಿ ಪಳಗಿದ್ದು. ನಿಮಿಷಗಳಲ್ಲಿ ಉತ್ತರ ಬರುತ್ತದೆ. ನೂರು ಸಲ ಓಡಿಸಿ ಸಂಖ್ಯೆಗಳನ್ನು ಅಲುಗಾಡಿಸಿ ನೋಡಬಹುದು. ಇದು ಸಣ್ಣ ಲಾಭವಲ್ಲ.

ಹೊಳೆ ಬಯಲಿಗೆ ಇಳಿದ ಕೂಡಲೇ ಆ ನಂಬಿಕೆ ಮುರಿಯುತ್ತದೆ. ದಂಡೆ ಮೀರಿದ ನೀರು ಹೊಳೆಯನ್ನೇ ಬಿಟ್ಟು ಹಳೆಯ ಪಾತ್ರ ಹಿಡಿದು ಎಲ್ಲೋ ಹೊರಡುತ್ತದೆ. ಒನ್-ಡಿಯಲ್ಲಿ ಆ ದಾರಿ ಎಲ್ಲಿದೆ ಅಂತ ನಾವೇ ಮೊದಲು ಹೇಳಬೇಕು. ಗೊತ್ತಿದ್ದರೆ ಮಾಡೆಲ್ ಯಾಕೆ ಬೇಕಿತ್ತು? ಬಯಲು ಅಗಲವಾಗಿದ್ದರೆ, ದಾರಿ ಕವಲೊಡೆಯುತ್ತಿದ್ದರೆ, ಊರೊಳಗೆ ನುಗ್ಗುವ ನೀರಿನ ವೇಗ ಬೇಕಿದ್ದರೆ ಟೂ-ಡಿ ಹಿಡಿಯಿರಿ. ಉದ್ದದ ಹೊಳೆ, ನಡುವೆ ಒಂದು ಊರು ಅಂದರೆ ಹೊಳೆಗೆ ಒನ್-ಡಿ, ಊರಿಗೆ ಟೂ-ಡಿ ಅಂತ ಜೋಡಿಸಬಹುದು. ಆದರೆ ಆ ಜೋಡಣೆಯ ಗೆರೆಯಲ್ಲೇ ಮಾಡೆಲ್ ಹೆಚ್ಚು ಸಲ ಕುಸಿಯುತ್ತದೆ. ದಂಡೆಯ ಮೇಲಿಂದ ನೀರು ದಾಟುವ ಗುಣಾಂಕವನ್ನು ಸ್ವಲ್ಪ ಬದಲಿಸಿದರೂ ಬಯಲಿಗೆ ಹೋಗುವ ನೀರು ಬದಲಾಗುತ್ತದೆ. ಕಂಪ್ಯೂಟರ್ ತಡೆಯುವುದಾದರೆ ಪೂರ್ತಿ ಟೂ-ಡಿ ಮಾಡೋದೇ ನೆಮ್ಮದಿ.

ನೆಲವನ್ನು ಚೌಕಚೌಕವಾಗಿ ಹಂಚಿ ಲೆಕ್ಕ ಹಾಕುವ ಟೂ-ಡಿಯಲ್ಲಿ ಬಹಳ ಜನ ಎಡವುವ ಒಂದು ಜಾಗವನ್ನು ಹತ್ತಿರದಿಂದ ತೋರಿಸುತ್ತೇನೆ. ಹೆಚ್‌ಇಸಿ-ರಾಸ್‌ನಂಥ ಸಾಫ್ಟ್‌ವೇರ್‌ನಲ್ಲಿ 40 ಮೀಟರ್ ಚೌಕ ಇಟ್ಟರೂ ಅದರ ಒಳಗಿನ ಒಂದು ಮೀಟರ್ ನೆಲದ ವಿವರ ಕಳೆದುಹೋಗುವುದಿಲ್ಲ. ಪ್ರತಿ ಚೌಕದ ಅಂಚುಗಳು ನೆಲವನ್ನು ಸೀಳಿ, ಆ ಸೀಳಿನ ಆಕಾರ ಇಟ್ಟುಕೊಳ್ಳುತ್ತವೆ. ತುಂಬಾ ಒಳ್ಳೆಯ ಉಪಾಯ. ಈಗ ಎರಡು ಮೀಟರ್ ಎತ್ತರದ ಒಂದು ರಸ್ತೆ ಚೌಕದ ಅಂಚಿನಲ್ಲಿ ಹೋಗದೆ ಹೊಟ್ಟೆಯ ಮೂಲಕ ಹೋಗುತ್ತದೆ ಅಂದುಕೊಳ್ಳಿ. ಚೌಕದ ಒಳಗೆ ನೀರಿನ ಮಟ್ಟ ಒಂದೇ. ರಸ್ತೆಯ ಈ ಕಡೆ ನೀರು ಬಂದ ಕೂಡಲೇ ಆ ಕಡೆಯೂ ನೀರು! ರಸ್ತೆಯ ಮೇಲೆ ಒಂದು ಹನಿಯೂ ದಾಟಿಲ್ಲ, ಆದರೂ ಹಿಂದಿನ ಬಡಾವಣೆ ಮುಳುಗಿದೆ. ಪರಿಹಾರ ಸುಲಭ: ರಸ್ತೆ, ಏರಿ, ದಂಡೆಗಳ ತಲೆಯ ಮೇಲೆ ಬ್ರೇಕ್‌ಲೈನ್ ಎಳೆದು ಚೌಕದ ಅಂಚನ್ನು ಅಲ್ಲಿಗೇ ಕೂರಿಸಬೇಕು. ಚೌಕ ಚಿಕ್ಕದು ಮಾಡುವ ಮೊದಲು ಇದನ್ನು ಮಾಡಿ. ಯಾಕೆಂದರೆ ಚೌಕದ ಅಳತೆ ಅರ್ಧ ಮಾಡಿದರೆ ಚೌಕಗಳು ನಾಲ್ಕು ಪಟ್ಟು, ಸಮಯದ ಹೆಜ್ಜೆಗಳು (ಮಾಡೆಲ್ ಇಷ್ಟು ಸೆಕೆಂಡಿಗೊಮ್ಮೆ ಅಂತ ಹಾಕುವ ಲೆಕ್ಕಗಳು) ಎರಡು ಪಟ್ಟು. ಒಟ್ಟು ಓಟ ಎಂಟು ಪಟ್ಟು ಉದ್ದ.

ಸಮಯದ ಹೆಜ್ಜೆಗೆ ಒಂದು ಸರಳ ಲೆಕ್ಕ ಇದೆ. ಒಂದು ಹೆಜ್ಜೆಯಲ್ಲಿ ನೀರು ಸುಮಾರು ಒಂದು ಚೌಕಕ್ಕಿಂತ ಮುಂದೆ ಜಿಗಿಯಬಾರದು. 20 ಮೀಟರ್ ಚೌಕ, ಸೆಕೆಂಡಿಗೆ 3 ಮೀಟರ್ ನೀರು ಅಂದರೆ 5 ಸೆಕೆಂಡು ಸರಿ. ಅಣೆಕಟ್ಟು ಒಡೆದ ನೀರು ಸೆಕೆಂಡಿಗೆ 10 ಮೀಟರ್ ಬಂದರೆ 2 ಸೆಕೆಂಡಿಗೆ ಇಳಿಯಬೇಕು.

ನೀರಿನ ಚಲನೆಯ ಪೂರ್ತಿ ಸಮೀಕರಣವೋ, ಸರಳ ಮಾಡಿದ ಡಿಫ್ಯೂಷನ್ ವೇವ್ ಸಮೀಕರಣವೋ? ಸರಳ ಮಾಡಿದ್ದರಲ್ಲಿ ನೀರಿನ ಓಟದ ರಭಸ ಇಲ್ಲ, ಇಳಿಜಾರು ಮತ್ತು ಒರಟುತನ ಮಾತ್ರ. ನಿಧಾನವಾಗಿ ಏರುವ ನೆರೆಗೆ ಅದು ಸಾಕು, ಬೇಗ ಓಡುತ್ತದೆ. ಅಣೆಕಟ್ಟು ಒಡೆತ, ಚೂಪು ತಿರುವು, ಇಕ್ಕಟ್ಟಾದ ಸೇತುವೆ, ಕಟ್ಟಡಕ್ಕೆ ಬಡಿಯುವ ನೀರು ಇದ್ದರೆ ಪೂರ್ತಿ ಸಮೀಕರಣವೇ ಬೇಕು. ಮೊದಲು ಸರಳದಲ್ಲಿ ಓಡಿಸಿ ತಪ್ಪುಗಳನ್ನೆಲ್ಲ ಹಿಡಿಯಿರಿ, ಆಮೇಲೆ ಪೂರ್ತಿಯಲ್ಲಿ ಓಡಿಸಿ. ಎರಡರ ಉತ್ತರ ಎಲ್ಲಿ ಬೇರೆ ಬರುತ್ತದೋ ಅಲ್ಲಿ ಪೂರ್ತಿಯದ್ದನ್ನು ನಂಬಿ.

ಸ್ಥಿರ ಹರಿವು, ಅಂದರೆ ಹೊತ್ತಿನ ಜೊತೆ ಬದಲಾಗದ ಒಂದೇ ಹರಿವು ಸಾಕಾ ಅನ್ನೋದಕ್ಕೆ ಉತ್ತರ ಚಿಕ್ಕದು. ಕಡಿದಾದ ಸಣ್ಣ ಹೊಳೆಯಲ್ಲಿ ಗರಿಷ್ಠ ಮಟ್ಟ ಮಾತ್ರ ಬೇಕಿದ್ದರೆ ಸಾಕು. ಬಯಲು ನೀರನ್ನು ಹಿಡಿದಿಟ್ಟುಕೊಳ್ಳುವ ಕಡೆ, ಅಣೆಕಟ್ಟಿನ ಕೆಳಗೆ, ಸಾಲದು.

ಅಣೆಕಟ್ಟು ಒಡೆಯುವ ಲೆಕ್ಕ

ಇಲ್ಲಿ ಸಂಖ್ಯೆಗಳು ಅಲುಗಾಡುವಷ್ಟು ಬೇರೆಲ್ಲೂ ಅಲುಗಾಡುವುದಿಲ್ಲ. ಮಣ್ಣಿನ ಅಣೆಕಟ್ಟು ಒಡೆದಾಗ ಒಡಕು ಎಷ್ಟು ಅಗಲ ಆಗುತ್ತದೆ, ಎಷ್ಟು ಹೊತ್ತಲ್ಲಿ ಆಗುತ್ತದೆ ಅಂತ ಹೇಳಲು ಹಿಂದೆ ಒಡೆದ ಅಣೆಕಟ್ಟುಗಳಿಂದ ತೆಗೆದ ಸೂತ್ರಗಳಿವೆ. 25 ಮೀಟರ್ ಎತ್ತರ, 2 ಕೋಟಿ ಘನ ಮೀಟರ್ ನೀರು ಇರುವ ಒಂದು ಅಣೆಕಟ್ಟು ತೆಗೆದುಕೊಳ್ಳೋಣ. ನೀರು ಏರಿಯ ಮೇಲೆ ಉಕ್ಕಿ ಒಡೆಯಿತು ಅಂತ ಇಟ್ಟುಕೊಳ್ಳೋಣ.

ಫ್ರೋಲಿಕ್ ಅವರ 2008ರ ಸೂತ್ರ ಹಾಕಿದರೆ ಒಡಕಿನ ಸರಾಸರಿ ಅಗಲ ಸುಮಾರು 87 ಮೀಟರ್, ಸಮಯ ಸುಮಾರು 60 ನಿಮಿಷ. ಅವರದ್ದೇ 1995ರ ಸೂತ್ರಕ್ಕೆ 101 ಮೀಟರ್, 62 ನಿಮಿಷ. 1990ರ ವಾನ್ ಥುನ್-ಜಿಲೆಟ್ ಸೂತ್ರಕ್ಕೆ 117 ಮೀಟರ್. ಸಮಯ? ಮಣ್ಣು ಗಟ್ಟಿ ಇದ್ದರೆ 45 ನಿಮಿಷ, ಸುಲಭವಾಗಿ ಕೊರೆದುಹೋಗುವಂತಿದ್ದರೆ 22 ನಿಮಿಷ. ಒಂದೇ ಅಣೆಕಟ್ಟು. ಅಣೆಕಟ್ಟಿನ ಕಾಲಬುಡದಲ್ಲಿ ಇರುವ ಊರಿಗೆ ಒಂದು ಗಂಟೆಗೂ 22 ನಿಮಿಷಕ್ಕೂ ಇರುವ ವ್ಯತ್ಯಾಸ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಯಾವುದನ್ನು ಆರಿಸೋದು? ಒಂದನ್ನೇ ಆರಿಸಬೇಡಿ. ಫ್ರೋಲಿಕ್ 2008 ಅನ್ನು ನಡುವಿನ ಓಟಕ್ಕೆ ಇಡಿ. ಕೊರೆಯುವ ಮಣ್ಣಿನ ವಾನ್ ಥುನ್-ಜಿಲೆಟ್ ಅನ್ನು ಕೆಟ್ಟ ಓಟಕ್ಕೆ ಇಡಿ. ಬಂದ ಗರಿಷ್ಠ ಹರಿವನ್ನು ಬೇರೆ ಸೂತ್ರದ ಜೊತೆ ತಾಳೆ ನೋಡಿ. ಫ್ರೋಲಿಕ್ ಅವರ ಗರಿಷ್ಠ ಹರಿವಿನ ಸೂತ್ರ ಈ ಅಣೆಕಟ್ಟಿಗೆ ಸುಮಾರು 4,700 ಕ್ಯುಮೆಕ್ (ಸೆಕೆಂಡಿಗೆ ಘನ ಮೀಟರ್) ಕೊಡುತ್ತದೆ. ನಿಮ್ಮ ಮಾಡೆಲ್ 15,000 ತೋರಿಸುತ್ತಿದ್ದರೆ ಒಡಕಿನ ತಳದ ಮಟ್ಟವನ್ನೋ, ಜಲಾಶಯದ ಗಾತ್ರವನ್ನೋ ತಪ್ಪು ಹಾಕಿರುವ ಸಾಧ್ಯತೆ ಜಾಸ್ತಿ.

ಈ ಸೂತ್ರಗಳೆಲ್ಲ ಮಣ್ಣು, ಕಲ್ಲಿನ ಏರಿಗಳಿಗೆ. ಕಾಂಕ್ರೀಟ್ ಕಮಾನು ಅಣೆಕಟ್ಟಿಗೆ ಹಾಕಿದರೆ ತಪ್ಪು. ಫ್ರಾನ್ಸ್‌ನ ಮಾಲ್ಪಾಸೆ 1959ರ ಡಿಸೆಂಬರ್ 2ರ ರಾತ್ರಿ ಎಡ ದಂಡೆಯ ಬಂಡೆ ಸರಿದು ಒಂದೇ ಏಟಿಗೆ ಕುಸಿಯಿತು. 400ಕ್ಕೂ ಹೆಚ್ಚು ಜನ ಸತ್ತರು. ಅಂಥ ಅಣೆಕಟ್ಟಿಗೆ ಒಡೆಯುವ ಸಮಯ ಆರು ನಿಮಿಷದ ಒಳಗೆ ಇಡುವುದು ರೂಢಿ. ಟೂ-ಡಿ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಲು ಇಂದಿಗೂ ಮಾಲ್ಪಾಸೆಯ ಕಣಿವೆಯನ್ನೇ ಬಳಸುತ್ತಾರೆ. ಅಮೆರಿಕದ ಟೀಟನ್ 1976ರ ಜೂನ್ 5ರಂದು ಒಡೆದದ್ದು ಬೇರೆ ಬಗೆ. ಮೊದಲ ಸಲ ತುಂಬಿಸುತ್ತಿದ್ದಾಗ ಒಳಗೇ ಮಣ್ಣು ಕೊರೆದುಹೋಯಿತು. ನೆರೆ ಇರಲಿಲ್ಲ, ನೀರು ಮೇಲೆ ಉಕ್ಕಲಿಲ್ಲ. ಆದ್ದರಿಂದ ಮಳೆಗಾಲದ ಒಡೆತದ ಜೊತೆಗೆ ಬಿಸಿಲು ದಿನದ ಒಡೆತವನ್ನೂ ಓಡಿಸಲೇಬೇಕು. ನೀರು ಕಡಿಮೆ ಇರಬಹುದು, ಆದರೆ ಕೆಳಗಿನ ಜನ ಆ ದಿನ ಎಚ್ಚರದಲ್ಲಿ ಇರುವುದಿಲ್ಲ.

ಒಡಕಿನ ಗೊಂದಲ ಅಣೆಕಟ್ಟಿನ ಹತ್ತಿರ ಬಹಳ ದೊಡ್ಡದು. ಕೆಳಗೆ ಹೋದ ಹಾಗೆ ಅಲೆ ಚಪ್ಪಟೆಯಾಗುತ್ತಾ ವ್ಯತ್ಯಾಸ ಕರಗುತ್ತದೆ. ಬಹಳ ದೂರದ ಊರಿಗೆ ಒಡೆದ ನಿಮಿಷಕ್ಕಿಂತ ಒಟ್ಟು ನೀರಿನ ಗಾತ್ರ, ಬಯಲಿನ ನೆಲ, ಒರಟುತನವೇ ಮುಖ್ಯ. ಹತ್ತಿರದ ಊರಿನ ವರದಿಗೆ ಒಡಕಿನ ಮೇಲೆ, ದೂರದ ಊರಿನ ವರದಿಗೆ ನೆಲದ ಮೇಲೆ ಸಮಯ ಕೊಡಿ.

ಜಲಾಶಯದ ಒಳಗೂ ಒಂದು ಕಣ್ಣಿರಲಿ. ಎತ್ತರಕ್ಕೆ ಎಷ್ಟು ನೀರು ಅನ್ನುವ ಕೋಷ್ಟಕ ಎಷ್ಟೋ ಕಡೆ ಕಟ್ಟಿದ ಕಾಲದ್ದು. ಆಮೇಲೆ ಹೂಳು ತುಂಬಿದೆ. ತಳದಲ್ಲಿ ತುಂಬಿದ ಹೂಳು ನೆರೆ ಏರಿಳಿತದ ಲೆಕ್ಕವನ್ನು ಅಷ್ಟಾಗಿ ಕೆಡಿಸುವುದಿಲ್ಲ, ಆ ಲೆಕ್ಕ ನಡೆಯುವುದು ಮೇಲಿನ ಕೆಲವು ಮೀಟರ್‌ಗಳಲ್ಲಿ. ಹೊಳೆ ಬಂದು ಸೇರುವ ತುದಿಯ ಹೂಳು ಮಾತ್ರ ಆ ಮೇಲಿನ ಜಾಗವನ್ನೇ ತಿನ್ನುತ್ತದೆ. ಗೇಟುಗಳ ಬಗ್ಗೆಯೂ ಕೇಳಿ. ಎಲ್ಲ ಗೇಟೂ ಹೊತ್ತಿಗೆ ಸರಿಯಾಗಿ ತೆರೆಯುತ್ತವೆ ಅಂತ ಮಾಡೆಲ್ ಸುಲಭವಾಗಿ ನಂಬುತ್ತದೆ. ಗೇಟು ತೆರೆದರೂ ಕೋಡಿಯೇ ಕೈಕೊಡಬಹುದು: ಕ್ಯಾಲಿಫೋರ್ನಿಯಾದ ಓರೋವಿಲ್ ಅಣೆಕಟ್ಟಿನಲ್ಲಿ 2017ರ ಫೆಬ್ರವರಿಯಲ್ಲಿ ಮುಖ್ಯ ಕೋಡಿಯ ಕಾಲುವೆ ಕಿತ್ತುಬಂತು. ತುರ್ತು ಕೋಡಿಯಲ್ಲಿ ವಿನ್ಯಾಸದ ಹರಿವಿನ ಸಣ್ಣ ಪಾಲು ಹರಿದಷ್ಟಕ್ಕೇ ಕೆಳಗಿನ ನೆಲ ಕೊರೆಯತೊಡಗಿತು. ಸುಮಾರು 1,88,000 ಜನರನ್ನು ತೆರವು ಮಾಡಬೇಕಾಯಿತು. ಒಂದು ಗೇಟು ಸಿಕ್ಕಿಕೊಂಡರೆ ಏನು ಅನ್ನುವ ಓಟ ಪ್ರತಿ ವರದಿಯಲ್ಲೂ ಇರಲಿ.

ಒರಟುತನ ಮತ್ತು ಹೊಂದಿಸುವ ಕೆಲಸ

ಒರಟುತನದ ಮ್ಯಾನಿಂಗ್ ಸಂಖ್ಯೆಯನ್ನು 0.035ರಿಂದ 0.045ಕ್ಕೆ ಏರಿಸಿದರೆ ಅಗಲವಾದ ಹೊಳೆಯಲ್ಲಿ ಆಳ ಸುಮಾರು ಶೇ. 16 ಹೆಚ್ಚುತ್ತದೆ. 4 ಮೀಟರ್ ಇದ್ದದ್ದು 4.65 ಆಗುತ್ತದೆ. ಎರಡೂ ಸಂಖ್ಯೆ ಒಂದೇ ಹೊಳೆಗೆ ಒಪ್ಪುವಂಥವು. ಹಾಗಾಗಿ ಈ ಸಂಖ್ಯೆಯನ್ನು ತಿರುಗಿಸಿ ಯಾವ ತಪ್ಪನ್ನು ಬೇಕಾದರೂ ಮುಚ್ಚಬಹುದು. ನೆಲ ತಪ್ಪಿದ್ದರೂ, ಹರಿವು ತಪ್ಪಿದ್ದರೂ ಗೆರೆಗಳು ಹೊಂದಿಬಿಡುತ್ತವೆ. ಹೊಂದಾಣಿಕೆ ತರಲು ಶುದ್ಧ ಮರಳಿನ ಹೊಳೆಗೆ 0.08 ಬೇಕಾಯಿತು ಅಂದರೆ ತಪ್ಪು ಬೇರೆ ಕಡೆ ಇದೆ. ಅಲ್ಲಿಗೇ ನಿಲ್ಲಿಸಿ ಹುಡುಕಿ.

ಒಂದು ನೆರೆಗೆ ಹೊಂದಿಸಿ, ಇನ್ನೊಂದು ನೆರೆಗೆ ಮುಟ್ಟದೆ ಓಡಿಸಿ ನೋಡೋದು ಕನಿಷ್ಠ ಪರೀಕ್ಷೆ. ಅಳತೆ ಇಲ್ಲದ ಹೊಳೆಯಲ್ಲಿ ಗೋಡೆಯ ಮೇಲಿನ ಕೆಸರಿನ ಗೆರೆ, ಸೇತುವೆ ಕಂಬಕ್ಕೆ ಸಿಕ್ಕ ಕಸ, ಹಿರಿಯರು ಕೈ ತೋರಿಸಿ ಹೇಳುವ ಎತ್ತರ, ಇವೆಲ್ಲ ಚಿನ್ನ. ಮೋಡದ ಮೂಲಕವೂ ನೋಡುವ ಸೆಂಟಿನೆಲ್-1 ರೇಡಾರ್ ಚಿತ್ರಗಳು 2014ರಿಂದ ಉಚಿತವಾಗಿ ಸಿಗುತ್ತವೆ. ನೀರು ಎಲ್ಲಿಯವರೆಗೆ ಹರಡಿತ್ತು ಅಂತ ಅವು ತೋರಿಸುತ್ತವೆ, ಆಳ ತೋರಿಸುವುದಿಲ್ಲ. ಉಪಗ್ರಹ ಹಾದುಹೋದ ಹೊತ್ತಿಗೆ ನೆರೆ ಇಳಿದಿರಲೂಬಹುದು.

ಇನ್ನು ಸಾಫ್ಟ್‌ವೇರ್

ಇಷ್ಟಾದ ಮೇಲೆ ಇದು ಸುಲಭ. ಮಳೆಯಿಂದ ಹರಿವಿಗೆ ಹೆಚ್‌ಇಸಿ-ಹೆಚ್‌ಎಂಎಸ್, ಹೊಳೆ, ಬಯಲು, ಅಣೆಕಟ್ಟು ಒಡೆತಕ್ಕೆ ಹೆಚ್‌ಇಸಿ-ರಾಸ್. ಎರಡೂ ಉಚಿತ. ರಾಸ್‌ಗೆ ಟೂ-ಡಿ 2016ರ 5.0 ಆವೃತ್ತಿಯಲ್ಲಿ ಬಂತು. ಊರಿನ ಚರಂಡಿ, ಪೈಪುಗಳ ಜಾಲ ಇದ್ದರೆ ಎಸ್‌ಡಬ್ಲ್ಯುಎಂಎಂ. ಮೈಕ್, ಟುಫ್ಲೋ ಹಣ ಕೊಟ್ಟು ಕೊಳ್ಳುವಂಥವು. ಪೈಪು ಜಾಲ ಮತ್ತು ಬಯಲನ್ನು ಒಟ್ಟಿಗೆ ಓಡಿಸಬೇಕಿದ್ದರೆ, ಗ್ರಾಫಿಕ್ಸ್ ಕಾರ್ಡ್ ಮೇಲೆ ವೇಗ ಬೇಕಿದ್ದರೆ ಅವುಗಳ ಕಡೆ ನೋಡಬಹುದು. ಟೆಲಿಮ್ಯಾಕ್ ಉಚಿತ, ಬಲವಾದದ್ದು, ಕಲಿಯಲು ಸಮಯ ಬೇಕು. ನಿಮ್ಮ ಪಕ್ಕದಲ್ಲಿ ಕೂತವರಿಗೆ ಯಾವುದು ಚೆನ್ನಾಗಿ ಗೊತ್ತೋ ಅದನ್ನು ಆರಿಸಿದರೂ ತಪ್ಪಿಲ್ಲ. ನಿಮ್ಮ ಮಾಡೆಲ್ ತೆರೆದು ತಪ್ಪು ಹಿಡಿಯುವ ಇನ್ನೊಂದು ಜೊತೆ ಕಣ್ಣು ಬೇಕೇ ಬೇಕು.

ನಕ್ಷೆ ಕೊಡುವಾಗ

ಒಂದೇ ನೀಲಿ ಗೆರೆ ಎಳೆದು ಕೊಟ್ಟರೆ, ಗೆರೆಯ ಹೊರಗಿನ ಮನೆಯವರು ನಿಶ್ಚಿಂತೆಯಿಂದ ಮಲಗುತ್ತಾರೆ. ಆ ಗೆರೆಯ ಹಿಂದೆ ಎಷ್ಟು ಅಂದಾಜು ಇದೆ ಅಂತ ಈಗ ನೋಡಿದೆವಲ್ಲ. ಹಾಗಾಗಿ ಸೌಮ್ಯ, ನಡುವಿನ, ಕೆಟ್ಟ ಅಂತ ಮೂರು ಓಟಗಳನ್ನು ಒಂದರ ಮೇಲೊಂದು ಇಟ್ಟು ಕೊಡಿ. ಮೂರರಲ್ಲೂ ಮುಳುಗುವ ಮನೆಗಳಿಗೆ ಒಂದು ಬಣ್ಣ, ಎರಡರಲ್ಲಿ ಮುಳುಗುವವಕ್ಕೆ ಇನ್ನೊಂದು, ಕೆಟ್ಟ ಓಟದಲ್ಲಿ ಮಾತ್ರ ಮುಳುಗುವವಕ್ಕೆ ಮತ್ತೊಂದು.

ಸುರಕ್ಷಿತ ಬದಿಗೆ ಇರಲಿ ಅಂತ ಒಂದೇ ಕಡೆಗೆ ಸಂಖ್ಯೆ ತಳ್ಳುವಾಗ ಒಂದು ಎಚ್ಚರ ಬೇಕು. ಒರಟುತನ ಹೆಚ್ಚಿಸಿದರೆ ನೀರು ಎತ್ತರ ನಿಲ್ಲುತ್ತದೆ, ಆದರೆ ತಡವಾಗಿ ಬರುತ್ತದೆ. ಎತ್ತರಕ್ಕೆ ಅದು ಸುರಕ್ಷಿತ ಲೆಕ್ಕ, ಹೊತ್ತಿಗೆ ಅಪಾಯದ ಲೆಕ್ಕ. ಆದ್ದರಿಂದ ಮುಳುಗಡೆಯ ನಕ್ಷೆಯನ್ನು ಹೆಚ್ಚು ಒರಟುತನದ ಓಟದಿಂದ ತೆಗೆಯಿರಿ. ಜನರನ್ನು ಎಬ್ಬಿಸಿ ಕಳುಹಿಸಲು ಎಷ್ಟು ನಿಮಿಷ ಇದೆ ಅನ್ನುವ ಕೋಷ್ಟಕವನ್ನು ಕಡಿಮೆ ಒರಟುತನ, ಬೇಗ ಒಡೆಯುವ ಏರಿಯ ಓಟದಿಂದ ತೆಗೆಯಿರಿ. ಯಾವ ಕಾಲಂ ಯಾವ ಓಟದ್ದು ಅಂತ ಅದರ ತಲೆಯ ಮೇಲೆಯೇ ಬರೆಯಿರಿ, ರಾತ್ರಿ ಎರಡು ಗಂಟೆಗೆ ಅದನ್ನು ಓದುವವರಿಗೆ ವರದಿಯ ಉಳಿದ ಪುಟ ತಿರುವಲು ಸಮಯ ಇರುವುದಿಲ್ಲ.